ಮೂರು ದಿನಕ್ಕೆಂದು ಬಂದವಳು

ರಬಕವಿ
6 ನವೆಂಬರ್ 2024

ಮುತ್ತೂ,

ಜೈಲಿನ ಫೋನಿನಲ್ಲಿ ನಿನಗೆ ಸಿಗುವುದು ಐದು ನಿಮಿಷ, ಅದೂ ಹಿಂದೆ ಸಾಲು ನಿಂತಿರುತ್ತದೆ. ಇಲ್ಲಿ ನನ್ನ ತಲೆಯ ಮೇಲೆ ಹಲಗೆಯ ಅಟ್ಟ, ಕೆಳಗೆ ಆಡಿದ್ದೆಲ್ಲ ಮೇಲಿನವರಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ.

ಡಾಕ್ಟರು ಜನವರಿ 22 ಎಂದು ದಿನ ಕೊಟ್ಟಿದ್ದಾರೆ. ಸಣ್ಣ ಆಪರೇಷನ್, ಗಾಬರಿ ಬೇಡ. ಆದರೂ ನೀನು ಪೆರೋಲಿಗೆ ಅರ್ಜಿ ಹಾಕಿದ್ದು ಕೇಳಿ ಎದೆ ಹಗುರಾಯಿತು. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂರಲು ನಮಗೆ ಇನ್ಯಾರಿದ್ದಾರೆ?

ಮೇಲಿನ ಎರಡು ಕೋಣೆ ಚೆನ್ನಾಗಿ ನಡೆದಿವೆ. ಮದುವೆ ಸೀರೆ ಕೊಳ್ಳಲು ಸಾಂಗ್ಲಿ, ಸೊಲ್ಲಾಪುರದಿಂದ ಬಂದವರು ಎರಡು ದಿನ, ಮೂರು ದಿನ ಉಳಿಯುತ್ತಾರೆ. ಮೊಬೈಲಿನಲ್ಲಿ ಮನೆಯ ಫೋಟೋ ಹಾಕುವುದನ್ನು ಪಕ್ಕದ ಮನೆಯ ಸಂಧ್ಯಾ ಕಲಿಸಿಕೊಟ್ಟಳು. ಆದರೆ ಹೋದ ತಿಂಗಳು ಬಸ್ ನಿಲ್ದಾಣದ ಕಡೆಯ ಲಾಡ್ಜಿನವರು ಯಾರೋ ದೂರು ಕೊಟ್ಟರಂತೆ, ನಗರಸಭೆಯಿಂದ ನೋಟಿಸ್ ಬಂದಿದೆ. ದಿನಬಾಡಿಗೆಗೆ ಮನೆ ಕೊಡುವವರು ಪರವಾನಗಿ ತೆಗೆಸಬೇಕು, ಬಂದವರ ಹೆಸರು ಪುಸ್ತಕದಲ್ಲಿ ಬರೆಯಬೇಕು, ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಬೇಕು, ಠಾಣೆಗೆ ತಿಳಿಸಬೇಕು. ನಾನು ಎಲ್ಲ ಮಾಡಿದ್ದೇನೆ. ಅದರ ಚಿಂತೆ ನಿನಗೆ ಬೇಡ.

ಮೊನ್ನೆ ಸೋಮವಾರ ಉಮಾಶ್ರೀ ಎನ್ನುವ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ. ಮುಧೋಳದವಳಂತೆ. ತಂಗಿಯ ಮದುವೆಗೆ ಸೀರೆ ನೋಡಲು ಮೂರು ದಿನ ಇರುತ್ತಾಳೆ. ಒಬ್ಬಳೇ ಹೆಂಗಸು, ಗುರುತಿನ ಚೀಟಿ ಕೇಳುವುದಕ್ಕೆ ನನಗೇ ನಾಚಿಕೆಯಾಯಿತು.

ನಿನ್ನ ಅಕ್ಕ,
ಬನಶಂಕರಿ


ಬೆಳಗಾವಿ
15 ನವೆಂಬರ್ 2024

ಅಕ್ಕಾ,

ಕಾಗದ ಮುಟ್ಟಿತು. ಒಡೆದು ಓದಿಯೇ ಕೊಡುತ್ತಾರೆ, ಅದು ನಿನಗೆ ಗೊತ್ತಿರಲಿ.

ಇಲ್ಲಿ ನನ್ನನ್ನು ಮಗ್ಗಕ್ಕೆ ಹಾಕಿದ್ದಾರೆ. ಹಾಸಿಗೆ ಬಟ್ಟೆ ನೇಯುತ್ತೇವೆ. ಅಪ್ಪನ ಮಗ್ಗ ಬಿಟ್ಟು ಟ್ರ್ಯಾಕ್ಟರ್ ಹತ್ತಿದವನಿಗೆ ಕೈ ಮರೆತಿರುತ್ತದೆ ಎಂದುಕೊಂಡಿದ್ದೆ, ಮರೆತಿಲ್ಲ.

ಪೆರೋಲ್ ವಿಷಯಕ್ಕೆ ಇಲ್ಲಿನ ಗುಮಾಸ್ತರನ್ನು ಕೇಳಿದೆ. ನಮ್ಮೂರ ಠಾಣೆಯಿಂದ ವರದಿ ಬರಬೇಕಂತೆ. ಪೊಲೀಸರು ಮನೆಗೆ ಬಂದು ನೋಡುತ್ತಾರೆ. ಮನೆಯ ಮೇಲೆ ತಕರಾರಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಎದುರು ಪಾರ್ಟಿಯವರನ್ನೂ ಕೇಳುತ್ತಾರಂತೆ, ಇವನು ಹೊರಗೆ ಬಂದರೆ ನಿಮ್ಮ ಅಭ್ಯಂತರವಿದೆಯೇ ಎಂದು. ಆ ಮಾತು ಇಲ್ಲಿಗೆ ಸಾಕು.

ವರದಿ ಆಗುವವರೆಗೆ ಕೋಣೆ ಯಾರಿಗೂ ಕೊಡಬೇಡ. ಆ ಮುಧೋಳದವರು ಹೋಗಿರಬೇಕಲ್ಲ? ಬಾಗಿಲು ಮುಚ್ಚಿಬಿಡು.

ಸಣ್ಣ ಆಪರೇಷನ್ ಎಂದೆ. ಯಾವುದು ಎಂದು ಬರೆಯಲಿಲ್ಲ.

ಮುತ್ತಣ್ಣ


ರಬಕವಿ
26 ನವೆಂಬರ್ 2024

ಮುತ್ತೂ,

ಅವಳು ಹೋಗಿಲ್ಲ. ಇವತ್ತಿಗೆ ಇಪ್ಪತ್ತಮೂರು ದಿನ.

ಜಗಳವಾಡಲು ಒಂದು ನೆಪವನ್ನೂ ಕೊಡುವುದಿಲ್ಲ. ದಿನಾ ಬೆಳಗ್ಗೆ ಇಳಿದು ಬಂದು ಆ ದಿನದ ಬಾಡಿಗೆಯನ್ನು ಕಟ್ಟೆಯ ಮೇಲೆ ಇಡುತ್ತಾಳೆ. "ಇನ್ನೊಂದ್ ದಿನ ಅಕ್ಕಾರ" ಎನ್ನುತ್ತಾಳೆ. ಸೀರೆ ಅಂಗಡಿಯ ಕಡೆ ಒಮ್ಮೆಯೂ ಹೋಗಲಿಲ್ಲ. ಹೋದ ವಾರ ಗಟ್ಟಿ ಮನಸ್ಸು ಮಾಡಿ, "ನಾಳೆ ಬ್ಯಾರೆ ಮಂದಿ ಬರತಾರವ್ವಾ, ಕೋಣಿ ಖಾಲಿ ಮಾಡು" ಎಂದೆ.

ಅವಳು ನನ್ನ ಮುಖ ನೋಡಿದಳು. "ಯಾರೂ ಬರೂದಿಲ್ರಿ. ನಗರಸಭೆ ನೋಟಿಸ್ ಕಟ್ಟಿ ಮ್ಯಾಲ ಇತ್ತು, ನಾ ಓದೇನಿ. ನಿಮಗ ಪರವಾನಗಿ ಇಲ್ಲ."

ಹೌದು ಮುತ್ತೂ, ಇಲ್ಲ. ನಿನಗೆ ಸುಳ್ಳು ಬರೆದಿದ್ದೆ. ಮರುದಿನವೇ ನಗರಸಭೆಗೆ ಹೋಗಿ ಆ ಶಾಖೆಯ ಮಹಾಲಿಂಗಪ್ಪನವರ ಎದುರು ನಿಂತೆ.

"ಮನಿ ಯಾರ ಹೆಸರಿಲೆ ಐತ್ರಿ?" ಎಂದರು.

"ನಂದೂ ನಮ್ಮ ತಮ್ಮಂದೂ ಕೂಡಿ ಐತ್ರಿ."

"ಹಂಗಾದ್ರ ಇಬ್ಬರ ಸಹಿ ಬೇಕು. ತಮ್ಮಾರು ಎಲ್ಲಿರತಾರ?"

"ಬೆಳಗಾವ್ಯಾಗ."

"ಏನ್ ದೂರ ಐತಿ? ಕರಸ್ರಿ. ಸಹಿ ಮಾಡಿ ಹೋಗಲಿ."

ಜೈಲಿನ ಮೊಹರು ಬಿದ್ದ ಅರ್ಜಿಯನ್ನು ಆ ಮೇಜಿನ ಮೇಲೆ ಇಡುವ ಧೈರ್ಯ ನನಗಾಗಲಿಲ್ಲ. ಪರವಾನಗಿ ಇಲ್ಲದೆ ಇಟ್ಟುಕೊಂಡ ಪ್ರತಿ ದಿನವೂ ತಪ್ಪೇ ಎಂದು ಅವರೇ ಹೇಳಿದರು. ಅಂದರೆ ಅವಳು ಇದ್ದಷ್ಟು ದಿನ ನನ್ನ ತಪ್ಪು ಬೆಳೆಯುತ್ತದೆ. ಅವಳನ್ನು ಎಬ್ಬಿಸಲು ಠಾಣೆಗೆ ಹೋದರೆ ಮೊದಲು ನನ್ನನ್ನೇ ಕೇಳುತ್ತಾರೆ. ನಿನ್ನ ವರದಿ ಬರೆಯುವುದೂ ಅದೇ ಠಾಣೆ. ಅವಳ ಚೀಲವನ್ನು ಹೊರಗಿಟ್ಟರೆ ಅವಳೇ ಠಾಣೆಗೆ ಹೋಗಬಹುದು. ಯಾವ ಕಡೆ ಹೆಜ್ಜೆ ಇಟ್ಟರೂ ಗೋಡೆ.

ಕೊನೆಗೆ ಗುರುತಿನ ಚೀಟಿಯನ್ನಾದರೂ ಕೊಡು ಎಂದೆ. ಸುಮ್ಮನೆ ತೆಗೆದುಕೊಟ್ಟಳು. ಹೆಸರು ಉಮಾಶ್ರೀ ಅಲ್ಲ, ಹೊಳೆವ್ವ. ತಂದೆ ಜಕ್ಕಪ್ಪ. ಊರು ಮುಧೋಳವಲ್ಲ, ಬೀಳಗಿ ತಾಲ್ಲೂಕಿನ ಅನಗವಾಡಿ. ಕುರಿ ಸಾಕುವ ಮನೆತನ. ಸುಳ್ಳು ಹೆಸರು ಯಾಕೆ ಎಂದರೆ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಮೂವತ್ತರ ಒಳಗಿನವಳು. ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ. ಗಂಡನ ಮನೆಯಲ್ಲಿ ಹೊಡೆತ ತಿಂದು ಓಡಿ ಬಂದವಳಿರಬೇಕು, ಪಾಪ. ಸಂಜೆ ಮೆಟ್ಟಿಲ ಮೇಲೆ ಕೂತು ನಿನ್ನ ಬಗ್ಗೆ ಕೇಳುತ್ತಾಳೆ, ತಮ್ಮಾರು ಯಾವಾಗ ಫೋನ್ ಮಾಡ್ತಾರ ಎಂದು. ನೀನು ಬೆಳಗಾವಿಯಲ್ಲಿ ಕೆಲಸದಲ್ಲಿದ್ದೀ ಎಂದು ಹೇಳಿದ್ದೇನೆ.

ಬನಶಂಕರಿ


ಬೆಳಗಾವಿ
3 ಡಿಸೆಂಬರ್ 2024

ಅಕ್ಕಾ,

ಆ ಹೆಣ್ಣುಮಗಳನ್ನು ಈ ಕಾಗದ ಮುಟ್ಟಿದ ದಿನವೇ ಹೊರಗೆ ಕಳಿಸು. ಕಾರಣ ಕೇಳಬೇಡ. ಅವಳ ಜೊತೆ ಕೂತು ಉಣ್ಣಬೇಡ. ನನ್ನ ಮಾತು ಆಡಬೇಡ. ಬೇಕಾದರೆ ಬಾಗಿಲಿಗೆ ಬೀಗ ಹಾಕಿಕೊಂಡು ನೀನೇ ಸಂಧ್ಯಾಳ ಮನೆಗೆ ಹೋಗಿಬಿಡು.

ಪೆರೋಲ್ ಅರ್ಜಿ ವಾಪಸ್ ತೆಗೆದುಕೊಳ್ಳಬೇಕೆಂದಿದ್ದೇನೆ.

ಮುತ್ತಣ್ಣ


ರಬಕವಿ
12 ಡಿಸೆಂಬರ್ 2024

ಮುತ್ತಣ್ಣ,

ನಿನ್ನ ಕಾಗದ ಓದಿ ಎರಡು ದಿನ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಬೈಗುಳವೇ ಬರುತ್ತಿತ್ತು. ಓಣಿಯವರು ಏನಾದರೂ ಆಡಿಕೊಳ್ಳುತ್ತಾರೆಂದು ನಿನ್ನ ಭಯವೇ? ಜೈಲಿನಲ್ಲಿ ಕೂತವನಿಗೆ ಓಣಿಯ ಬಾಯಿಯ ಚಿಂತೆ!

ಅವಳ ಜೊತೆ ಉಣ್ಣಬೇಡ ಎಂದೆ. ಹೋದ ಶುಕ್ರವಾರ ಮೆಟ್ಟಿಲ ಮೇಲೆ ನನಗೆ ಕಣ್ಣು ಕತ್ತಲಾಯಿತು. ಸೀರೆಯೆಲ್ಲ ರಕ್ತ. ಎತ್ತಿದವಳು ಅವಳು. ಆಟೋ ತಂದು, ಜಮಖಂಡಿ ಆಸ್ಪತ್ರೆಗೆ ಒಯ್ದು, ಸಂಜೆತನಕ ಬೆಂಚಿನ ಮೇಲೆ ಕೂತವಳು ಅವಳು. ಇನ್ನು ಮುಚ್ಚಿಟ್ಟು ಫಲವಿಲ್ಲ. ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆಯಬೇಕು, ಜನವರಿ ದಾಟಿಸಬೇಡಿ ಎಂದಿದ್ದಾರೆ. ತೆಗೆದ ಮೇಲೆ ಪರೀಕ್ಷೆಗೆ ಕಳಿಸುತ್ತಾರಂತೆ. ಅರ್ಜಿ ವಾಪಸ್ ತೆಗೆದುಕೊಂಡರೆ ನನ್ನನ್ನು ಅಲ್ಲಿ ಒಬ್ಬಳೇ ಮಲಗಿಸಿದಂತೆ. ತಿಳಿದು ಮಾಡು.

ಆಟೋದಲ್ಲಿ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಒಂದು ಮಾತು ಹೇಳಿದಳು: "ರಕ್ತ ಹೋಗೂದು ನಿಲ್ಲಸಾಕ ಬರತೈತ್ರಿ ಅಕ್ಕಾರ. ಮಂದಿ ನಿಲ್ಲಬೇಕಷ್ಟ." ಯಾಕೆ ಹಾಗೆಂದಳೋ.

ಇನ್ನೊಂದು ನೋಟಿಸ್ ಬಂದಿದೆ. ಇಪ್ಪತ್ತನೇ ತಾರೀಕು ಮನೆ ತಪಾಸಣೆ.

ಬನಶಂಕರಿ


ಬೆಳಗಾವಿ
17 ಡಿಸೆಂಬರ್ 2024

ಅಕ್ಕಾ,

ಆಪರೇಷನ್ ವಿಷಯ ಓದಿ ಮಗ್ಗದ ಮುಂದೆ ಕೂರಲಾಗಲಿಲ್ಲ. ಮೊದಲೇ ಹೇಳಬಾರದಿತ್ತೇ?

ನಾನೂ ಮುಚ್ಚಿಟ್ಟಿದ್ದೇನೆ. ಅವಳು ತುಬಚಿಯ ದುಂಡೇಶನ ಹೆಂಡತಿ. ನನ್ನ ಟ್ರೇಲರಿಗೆ ಬಡಿದು ಸತ್ತವನ ಹೆಂಡತಿ. ಕೋರ್ಟಿಗೆ ನೀನು ಬರುವುದು ಬೇಡ ಎಂದಿದ್ದೆ, ಹಾಗಾಗಿ ನೀನು ಅವಳನ್ನು ನೋಡಿಲ್ಲ. ನಾನು ಪ್ರತಿ ತಾರೀಕಿಗೂ ನೋಡಿದ್ದೇನೆ. ಕೊನೆಯ ಬೆಂಚು, ಎಡ ಹುಬ್ಬಿನ ಗೆರೆ. ಒಂದು ದಿನವೂ ಅಳಲಿಲ್ಲ, ಬೈಯಲಿಲ್ಲ. ನನ್ನ ಕಡೆಯೇ ನೋಡುತ್ತ ಕೂರುತ್ತಿದ್ದಳು.

ಒಳ್ಳೆಯದಕ್ಕಂತೂ ಬಂದಿರಲಾರಳು. ಅಕ್ಕಾ, ನಿನ್ನ ಅನ್ನದ ಪಾತ್ರೆಯ ಮೇಲೆ ಕಣ್ಣಿರಲಿ. ಠಾಣೆಯವರು ಅಭ್ಯಂತರ ಕೇಳಬೇಕಾದದ್ದೂ ಅವಳನ್ನೇ.

ಮುತ್ತಣ್ಣ


ರಬಕವಿ
24 ಡಿಸೆಂಬರ್ 2024

ಮುತ್ತಣ್ಣ,

ನಿನ್ನ ಕಾಗದ ಇಪ್ಪತ್ತೊಂದಕ್ಕೆ ಬಂತು. ಒಂದು ದಿನ ತಡ.

ಇಪ್ಪತ್ತನೇ ತಾರೀಕು ಮಹಾಲಿಂಗಪ್ಪನವರು ಬಂದು ಮೇಲೆ ಹತ್ತಿದರು. ಹಾಸಿಗೆ ನೋಡಿದರು, ಅವಳ ಚೀಲ ನೋಡಿದರು. "ಇವರು ಯಾರ್ರಿ? ಬಾಡಿಗಿಯವರೋ, ಪಾವಣ್ಯಾರೋ?"

ನನ್ನ ನಾಲಗೆ ತಾನೇ ಹೊರಳಿತು. "ಪಾವಣ್ಯಾರ್ರಿ. ನಮ್ಮ ಸಂಬಂಧಿಕರು, ಅನಗವಾಡಿಯವರು."

ಅವರು ಅವಳ ಕಡೆ ತಿರುಗಿದರು. ಒಂದು ಮಾತು ಆಡಿದ್ದರೆ ಸಾಕಿತ್ತು, ನನ್ನ ಕಥೆ ಮುಗಿಯುತ್ತಿತ್ತು. ಅವಳು ತಲೆ ಬಗ್ಗಿಸಿ ನಿಂತಳು. ಅವರು ಅದನ್ನೇ ಬರೆದುಕೊಂಡು ನನ್ನಿಂದ ಸಹಿ ಮಾಡಿಸಿಕೊಂಡು ಹೋದರು. ಈಗ ನಗರಸಭೆಯ ಕಡತದಲ್ಲಿ ನಾನು ಕೈಯಾರೆ ಬರೆದುಕೊಟ್ಟಿದ್ದೇನೆ, ನಿನ್ನ ಕೇಸಿನ ವಿಧವೆ ನಮ್ಮ ಸಂಬಂಧಿಕಳೆಂದು. ಅದು ಮತ್ತು ನಿನ್ನ ಪೆರೋಲಿನ ಕಡತ ಯಾವತ್ತಾದರೂ ಒಂದೇ ಮೇಜಿಗೆ ಬಂದರೆ ಏನಾಗುತ್ತದೆ ಎಂದು ಯೋಚಿಸು.

ನಿನ್ನ ಕಾಗದವನ್ನು ಹಿಡಿದುಕೊಂಡೇ ಮೇಲೆ ಹೋದೆ. "ನೀ ಯಾರಂತ ಗೊತ್ತಾತು" ಎಂದೆ.

"ಯಾವಾಗ ಗೊತ್ತಾಗತೈತಿ ಅಂತ ಕಾಯಾಕತ್ತಿದ್ದೆರಿ" ಎಂದಳು.

"ನನ್ನ ಏನ್ ಮಾಡಬೇಕಂತ ಬಂದಿ?"

"ನಿಮ್ಮನ್ನೇನ್ ಮಾಡಲಿ? ಕೋರ್ಟಿನ ಕಾಗದದಾಗ ಈ ಮನಿ ವಿಳಾಸ ಇತ್ತು. ಮೊಬೈಲ್‌ನಾಗ ನೋಡಿದ್ರ ಅದ ಮನಿ ಬಾಡಿಗಿಗೆ ಐತಿ. ಮೂರು ದಿನಕ್ಕ ಅಂತ ಬಂದೆ. ಒಂದು ಮಾತು ಕೇಳಬೇಕಿತ್ತು. ನಿಮ್ಮನ್ನ ನೋಡಿ ಕೇಳಾಕ ಬಾಯಿ ಬರಲಿಲ್ಲ. ಕೇಳದ ಹೋಗಾಕ ಕಾಲು ಬರಲಿಲ್ಲ."

ಆಮೇಲೆ ಹೇಳಿದಳು. ಅವತ್ತು ಮುಚ್ಚಂಜೆ ಗಂಡನಿಗೆ ಮೂರು ಸಲ ಫೋನ್ ಮಾಡಿದ್ದಳಂತೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಯಾರೋ ಎತ್ತಿದರು, ಮಾತಾಡಲಿಲ್ಲ. ಟ್ರ್ಯಾಕ್ಟರಿನ ಸಪ್ಪಳ ಕೇಳಿತು. ಇವಳು ಏನೋ ಹೇಳಿದಳು, ಅಷ್ಟರಲ್ಲಿ ಕಟ್ ಆಯಿತು. ಇದನ್ನು ಪೊಲೀಸರ ಮುಂದೆ ಹೇಳಿದಳು, ಯಾರೂ ಬರೆದುಕೊಳ್ಳಲಿಲ್ಲ. ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ನೀನು ಮಾತ್ರ ಬಡಿದದ್ದೇ ಗೊತ್ತಾಗಲಿಲ್ಲ, ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಗೊತ್ತಾಯಿತು ಎಂದು ಹೇಳಿಕೆ ಕೊಟ್ಟಿದ್ದೀ.

"ಫೋನ್ ಕಟ್ ಮಾಡಿದವರು ಯಾರು? ಅಷ್ಟ ಹೇಳ್ರಿ ಸಾಕು, ನಾ ಹೋಗತೇನಿ."

ನನಗೆ ಏನು ಗೊತ್ತು? ಇಲ್ಲಿಯವರೆಗೆ ನಿನ್ನ ಮಾತನ್ನೇ ನಂಬಿದ್ದೇನೆ. ಈಗ ನಾನೇ ಕೇಳುತ್ತೇನೆ, ಮುತ್ತೂ. ಯಾರು?

ಅಕ್ಕ


ಬೆಳಗಾವಿ
5 ಜನವರಿ 2025

ಅಕ್ಕಾ,

ಇದೇ ಮಾತನ್ನು ನಿನ್ನೆ ಬರೆದು ಕೊಟ್ಟಾಗ ಇಲ್ಲಿನ ಅಧಿಕಾರಿ ಓದಿ ನನ್ನನ್ನು ಕರೆಸಿದರು. "ಇದು ಹೊರಗ ಹೋದ್ರ ನಿನಗ ತೊಂದರಿ. ಹರಿದು ಬ್ಯಾರೆ ಬರಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದನ್ನೇ ಮತ್ತೆ ಬರೆಯುತ್ತಿದ್ದೇನೆ, ಇದನ್ನು ಕಳಿಸಿರಿ ಎಂದಿದ್ದೇನೆ. ಪೆರೋಲ್ ಅರ್ಜಿಯನ್ನು ವಾಪಸ್ ತೆಗೆದುಕೊಂಡೆ. ನೀನು ಹೇಳಿದ ಮಾತು ನೆನಪಿದೆ, ನಿನ್ನನ್ನು ಒಬ್ಬಳೇ ಮಲಗಿಸಿದಂತೆ ಎಂದು. ಅದನ್ನು ತಿಳಿದೇ ಮಾಡಿದ್ದೇನೆ. ಅವಳು ಅಭ್ಯಂತರವಿಲ್ಲ ಎಂದು ಸಹಿ ಮಾಡಿದರೂ ಆ ಸಹಿಯ ಮೇಲೆ ಹೊರಗೆ ಬರುವ ಮುಖ ನನಗಿಲ್ಲ.

ಕಟ್ ಮಾಡಿದವನು ನಾನು.

ತುಬಚಿಯ ಒಳದಾರಿಯಿಂದ ಜಮಖಂಡಿ ರಸ್ತೆಗೆ ತಿರುಗುತ್ತಿದ್ದೆ, ಎರಡು ಟ್ರೇಲರ್ ಕಬ್ಬು. ಹಿಂದಿನದಕ್ಕೆ ದೀಪ ಇರಲಿಲ್ಲ. ಅದು ಬೆಳಗ್ಗೆಯೇ ನನಗೆ ಗೊತ್ತಿತ್ತು. ಸಪ್ಪಳ ಕೇಳಿತು. ನಿಲ್ಲಿಸಿ ಇಳಿದೆ, ಎಂಜಿನ್ ಆರಿಸಲಿಲ್ಲ. ಬೈಕು ಒಂದು ಕಡೆ, ಅವರು ಒಂದು ಕಡೆ. ಕಣ್ಣು ತೆರೆದಿದ್ದವು. ಉಸಿರಿತ್ತು. ತೊಡೆಯಿಂದ ರಕ್ತ ಹೋಗುತ್ತಿತ್ತು.

ಅವರ ಅಂಗಿಯ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಎರಡು ಸಲ ನಿಂತು ನೋಡಿದೆ. ಮೂರನೇ ಸಲ ತೆಗೆದೆ. ಪರದೆಯ ಮೇಲೆ 'ಹೊಳಿ' ಎಂದಿತ್ತು. ಹೇಳಿಬಿಡೋಣ ಎಂದೇ ಎತ್ತಿದೆ. ಆ ಕಡೆಯಿಂದ ಹೆಣ್ಣುಮಗಳು ನಗುತ್ತ, "ರೀ, ಕರಿ ಕುರಿ ಈದೈತಿ, ಎರಡು ಮರಿ" ಎಂದಳು. ನಾನು ಕಟ್ ಮಾಡಿದೆ. ಫೋನನ್ನು ಅವರ ಜೇಬಿಗೇ ಹಾಕಿ ಟ್ರ್ಯಾಕ್ಟರ್ ಹತ್ತಿದೆ. ಹಿಂದೆ ಬೇರೆ ಗಾಡಿ ಬರುತ್ತದೆ, ಅವರು ನೋಡುತ್ತಾರೆ ಎಂದುಕೊಂಡೆ. ಒಂದು ತಾಸು ಯಾರೂ ಬರಲಿಲ್ಲ ಎಂದು ಕೋರ್ಟಿನಲ್ಲಿ ತಿಳಿಯಿತು.

ಇದನ್ನು ಹೊಳೆವ್ವ ಅವರಿಗೆ ಓದಿ ಹೇಳು.

ಮುತ್ತಣ್ಣ


ರಬಕವಿ
31 ಜನವರಿ 2025

ಮುತ್ತೂ,

ಆಪರೇಷನ್ ಆಯಿತು. ನನ್ನ ಸಹಿಯನ್ನು ನಾನೇ ಮಾಡಿದೆ, ಸಂಧ್ಯಾ ಸಾಕ್ಷಿ ಹಾಕಿದಳು. ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಭಾರ ಎತ್ತಬಾರದು ಎಂದಿದ್ದಾರೆ. ಕೂತು ನಿಧಾನ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದದ್ದು ಹನ್ನೊಂದಕ್ಕೆ. ಮೊದಲು ಒಬ್ಬಳೇ ಓದಿದೆ. ಸುಟ್ಟುಬಿಡಲೇ ಎಂದು ಒಲೆಯವರೆಗೂ ಹೋಗಿದ್ದೆ. ನೀನು ನನ್ನ ಮುಂದೆ ಬೆಳೆದವನು, ನೀನು ಹೀಗೆ ಮಾಡಿದೆ ಎಂದು ನಂಬಲು ನನಗೂ ಒಂದು ದಿನ ಬೇಕಾಯಿತು. ಮರುದಿನ ಬೆಳಗ್ಗೆ ಅವಳು ಬಾಡಿಗೆ ಕೊಡಲು ಇಳಿದಾಗ ಕೂರಿಸಿ ಓದಿದೆ.

ಕುರಿಯ ಮಾತು ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅದನ್ನ ನಾ ಯಾರ ಮುಂದೂ ಹೇಳಿಲ್ಲ. ಪೊಲೀಸರ ಮುಂದೂ ಇಲ್ಲ, ನಮ್ಮಪ್ಪನ ಮುಂದೂ ಇಲ್ಲ. ಮತ್ತೊಮ್ಮೆ ಓದ್ರಿ." ಓದಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎರಡು ತಿಂಗಳಲ್ಲಿ ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ನಾನು ನೀರು ಕೊಟ್ಟರೆ ಕುಡಿಯಲಿಲ್ಲ.

ಆಮೇಲೆ, "ಈ ಕಾಗದ ನನಗ ಬೇಕು" ಎಂದಳು.

"ಇದನ್ನ ಒಯ್ದು ಏನ್ ಮಾಡತಿ?"

"ನನಗೂ ಗೊತ್ತಿಲ್ರಿ. ವಕೀಲರ ಕಡೆ ಹೋಗಬಹುದು, ಹೋಗಲಿಕ್ಕಿಲ್ಲ."

ಕೊಟ್ಟೆ ಮುತ್ತೂ. ಬೈಯುವುದಿದ್ದರೆ ಬೈ. ಅವಳು ನನ್ನನ್ನು ಮೆಟ್ಟಿಲ ಮೇಲಿಂದ ಎತ್ತಿದ್ದಕ್ಕಾಗಿ ಕೊಡಲಿಲ್ಲ. ಆ ಕಾಗದ ಅವಳದೇ ಎನಿಸಿತು. ಅವತ್ತೇ ಅನಗವಾಡಿಗೆ ಹೋದಳು.

ಅವಳು ಹೋದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ನಗರಸಭೆಗೆ ಹೋಗಿ, ಸಂಬಂಧಿಕಳು ಎಂದದ್ದು ಸುಳ್ಳು, ಎಪ್ಪತ್ತು ದಿನ ಬಾಡಿಗೆಗಿದ್ದಳು ಎಂದು ಬರೆದುಕೊಟ್ಟೆ. ಮಹಾಲಿಂಗಪ್ಪನವರು ತಲೆ ಚಚ್ಚಿಕೊಂಡರು. "ಸುಮ್ಮನ ಇದ್ದಿದ್ರ ಮುಗೀತಿತ್ತಲ್ರಿ!" ದಂಡ ಹಾಕಿದರು, ಮೇಲಿನ ಕೋಣೆಗಳಿಗೆ ಬೀಗ ಜಡಿದು ಮೊಹರು ಒತ್ತಿದರು. ಪರವಾನಗಿ ಬರುವವರೆಗೆ ನಮ್ಮ ಮನೆಯ ಅಟ್ಟಕ್ಕೆ ನಾನೇ ಹತ್ತುವಂತಿಲ್ಲ. ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಸಹಿ ಮಾಡಿ, ಅಲ್ಲಿನ ಮೊಹರು ಹಾಕಿಸಿಯೇ ಕಳಿಸು. ನೋಡುವವರು ನೋಡಲಿ.

ಬಸ್ಸು ಹತ್ತುವ ಮುಂಚೆ ಹೊಳೆವ್ವ ತಿರುಗಿ ಬಂದು ಒಂದು ಮಾತು ಕೇಳಿದಳು. ನಿನ್ನನ್ನು ಕೇಳಿ ಬರೆಸು ಎಂದಿದ್ದಾಳೆ. ಅವಳು ಅಂದದ್ದನ್ನೇ ಬರೆಯುತ್ತೇನೆ:

"ನಾ ಮರಿ ಹುಟ್ಟಿದ್ದು ಹೇಳಿದ್ದು ಅವರಿಗೆ ಕೇಳಸ್ತೇನು?"

ಅನಗವಾಡಿಯ ವಿಳಾಸವನ್ನು ಕೆಳಗೆ ಬರೆದಿದ್ದೇನೆ. ನೇರ ಅವಳಿಗೇ ಬರೆ. ನನ್ನ ಮೂಲಕ ಬೇಡ.

ಅಕ್ಕ


ಬೆಳಗಾವಿ
10 ಫೆಬ್ರವರಿ 2025

ಹೊಳೆವ್ವ ಅವರಿಗೆ,

ನನ್ನ ಕಾಗದ ನಿಮ್ಮಲ್ಲಿದೆ ಎಂದು ಅಕ್ಕ ಬರೆದಿದ್ದಾಳೆ. ಅದನ್ನು ಏನು ಬೇಕಾದರೂ ಮಾಡಿರಿ. ಯಾರಾದರೂ ಕೇಳಿದರೆ ಬರೆದವನು ನಾನೇ ಎಂದು ಹೇಳುತ್ತೇನೆ.

ಅದರಲ್ಲಿ ಒಂದನ್ನು ಬರೆಯದೆ ಬಿಟ್ಟಿದ್ದೆ. ಬರೆಯಲು ಕೈ ಏಳಲಿಲ್ಲ. ಫೋನ್ ಎತ್ತುವಾಗ ನನ್ನ ಬೆರಳು ಸ್ಪೀಕರ್ ಒತ್ತಿತ್ತು. ನಿಮ್ಮ ದನಿ ಜೋರಾಗಿಯೇ ಬಂತು. ಅಲ್ಲಿಯವರೆಗೆ ಅವರು ಆಕಾಶ ನೋಡುತ್ತ ಮಲಗಿದ್ದರು. ನಿಮ್ಮ ಮಾತು ಕೇಳಿ ಮುಖವನ್ನು ಫೋನಿನ ಕಡೆ ಹೊರಳಿಸಿದರು.

"ಎರಡ?" ಎಂದರು.

ಅದನ್ನು ಕೇಳಿ ನಿಲ್ಲಲಾಗದೆ ನಾನು ಕಟ್ ಮಾಡಿದೆ.

ಮುತ್ತಣ್ಣ